ಐದು ಲಕ್ಷ ರೂಪಾಯಿ, ಒಂದು ಕಿಲೋವ್ಯಾಟ್: ಪ್ರಾಥಮಿಕ ಶಾಲೆಯೊಂದರ ಕಂಪ್ಯೂಟರ್ ಖರೀದಿ

ಯಾದಗಿರಿ ಜಿಲ್ಲೆಯ ವಡಗೇರಾ ಕಡೆಯ ಒಂದು ಊರು. ಸುತ್ತ ಎರೆ ಹೊಲ, ಹತ್ತಿ, ತೊಗರಿ. ಅಲ್ಲೊಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ: 1ರಿಂದ 7ನೇ ತರಗತಿ, 212 ಮಕ್ಕಳು, ಏಳು ಶಿಕ್ಷಕರು, ಅವರಲ್ಲಿ ಇಬ್ಬರು ಅತಿಥಿ ಶಿಕ್ಷಕರು. ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ 5,00,000 ರೂಪಾಯಿ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಜಂಟಿ ಖಾತೆಗೆ ಬರುವುದಿತ್ತು. ಷರತ್ತು ಒಂದೇ: ‘ಡಿಜಿಟಲ್ ಕಲಿಕೆ’ಗೆ ಬಳಸಬೇಕು, ಮಾರ್ಚ್ 31ರೊಳಗೆ ಬಳಕೆ ಪ್ರಮಾಣಪತ್ರ ಕೊಡಬೇಕು. ಶಾಲೆಯ ಹೆಸರು ಇಲ್ಲಿ ಬೇಡ. ಈ ಭಾಗದ ಹಲವು ಶಾಲೆಗಳಲ್ಲಿ ಕಾಣುವ ಸ್ಥಿತಿಯನ್ನು ಒಂದೇ ಶಾಲೆಯ ಲೆಕ್ಕಕ್ಕೆ ತಂದು ಕಟ್ಟಿದ ಪ್ರಕರಣ ಇದು. ಬೆಲೆಗಳೂ ಯೋಜನೆಗೆ ಹಿಡಿದ ಅಂದಾಜುಗಳೇ. ಖರೀದಿಯ ದಿನ ಕೊಟೇಶನ್ ಏನು ಹೇಳುತ್ತದೋ ಅದೇ ಖರೆ.

ಮೊದಲ ಪಟ್ಟಿ ಅರ್ಧ ಗಂಟೆಯಲ್ಲಿ ತಯಾರಾಗಿತ್ತು. 35,000 ರೂಪಾಯಿಯಂತೆ 10 ಡೆಸ್ಕ್‌ಟಾಪ್, 3,50,000. 75 ಇಂಚಿನ ಟಚ್ ಪ್ಯಾನಲ್ ಒಂದು, 1,30,000. ಲೇಸರ್ ಪ್ರಿಂಟರ್ ಒಂದು, 20,000. ಕೂಡಿದರೆ ಐದು ಲಕ್ಷ, ಪೈಸೆ ಉಳಿಯದಂತೆ. ಇಂಥ ಪಟ್ಟಿ ಕಂಡರೆ ಮೊದಲು ಅನುಮಾನಪಡಬೇಕಾದದ್ದೇ ಅದು ಅಷ್ಟು ಸರಿಯಾಗಿ ಕೂಡಿಬಂದದ್ದಕ್ಕೆ. ವೈರಿಂಗಿಗೆ ದುಡ್ಡಿಲ್ಲ, ಬೀಗಕ್ಕೆ ದುಡ್ಡಿಲ್ಲ, ಎರಡನೇ ವರ್ಷಕ್ಕೆ ದುಡ್ಡಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕೋಣೆ ನೋಡಲಾಯಿತು.

ಕೋಣೆ ಮತ್ತು ಕರೆಂಟು

ಶಾಲೆಗೆ ಸಿಂಗಲ್ ಫೇಸ್ ಸಂಪರ್ಕವಿದೆ. ಮಂಜೂರಾದ ಲೋಡು 1 ಕಿಲೋವ್ಯಾಟ್. ಈಗಾಗಲೇ ಆರು ಫ್ಯಾನು (ಒಂದಕ್ಕೆ 75 ವ್ಯಾಟ್), ಎಂಟು ಟ್ಯೂಬ್‌ಲೈಟು (ಒಂದಕ್ಕೆ 20 ವ್ಯಾಟ್) ಸೇರಿ 610 ವ್ಯಾಟ್ ಇದೆ. ಹತ್ತು ಡೆಸ್ಕ್‌ಟಾಪ್ ಮಾನಿಟರ್ ಸಮೇತ ಸುಮಾರು 1,000 ವ್ಯಾಟ್ ಎಳೆಯುತ್ತವೆ, ದೊಡ್ಡ ಪ್ಯಾನಲ್ 250ರಿಂದ 300. ಲೇಸರ್ ಪ್ರಿಂಟರ್ ಬಿಸಿಯಾಗುವ ಆ ಕೆಲವು ಸೆಕೆಂಡಿನಲ್ಲಿ 500 ವ್ಯಾಟಿಗೂ ಮೇಲೆ ಹೋಗುತ್ತದೆ. ಎಲ್ಲ ಕೂಡಿದರೆ ಎರಡು ಕಿಲೋವ್ಯಾಟ್ ದಾಟಿತು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾದ ಮೇಲೆ ‘ಇನ್ನು ಕರೆಂಟಿನ ಚಿಂತೆಯಿಲ್ಲ’ ಎನ್ನುವವರಿದ್ದಾರೆ. ಬಿಲ್ಲಿನ ಚಿಂತೆ ಬೇರೆ, ಲೋಡಿನ ಚಿಂತೆ ಬೇರೆ. ಬಿಲ್ಲು ಯಾರೇ ಕಟ್ಟಲಿ, ಸುಡುವ ತಂತಿ ನಮ್ಮ ಗೋಡೆಯದೇ. ಪಟ್ಟಿ ಮುಂದೆ ಹಗುರಾಯಿತು; ವಿದ್ಯುತ್ ಕಂಪನಿ ಜೆಸ್ಕಾಂಗೆ 2 ಕಿಲೋವ್ಯಾಟಿನ ಅರ್ಜಿಯನ್ನು ಜುಲೈ ತಿಂಗಳಲ್ಲೇ ಕೊಡಲಾಯಿತು.

ವೋಲ್ಟೇಜು ಎಷ್ಟಿದೆ ಎಂದು ಯಾರನ್ನೂ ಕೇಳುವುದು ಬೇಡ. ಸಾಕೆಟ್ಟಿಗೆ ಸಿಕ್ಕಿಸುವ ಡಿಜಿಟಲ್ ವೋಲ್ಟ್‌ಮೀಟರ್ 300-400 ರೂಪಾಯಿಗೆ ಸಿಗುತ್ತದೆ. ಒಂದು ವಾರ, ದಿನಕ್ಕೆ ನಾಲ್ಕು ಸಲ ಬರೆದಿಡಬೇಕು: ಪ್ರಾರ್ಥನೆ ಹೊತ್ತಿಗೆ, ಹನ್ನೊಂದೂವರೆಗೆ, ಬಿಸಿಯೂಟದ ಮೇಲೆ, ಶಾಲೆ ಬಿಡುವಾಗ. ಇಲ್ಲಿ ಬಂದದ್ದು 168ರಿಂದ 251 ವೋಲ್ಟ್. ಪಂಪ್‌ಸೆಟ್ಟಿನ ಲೈನು ಬೇರೆಯಾಗದ ಊರಿನಲ್ಲಿ ಮೋಟರು ಚಾಲೂ ಆದೊಡನೆ ವೋಲ್ಟೇಜು ಕುಸಿಯುತ್ತದೆ, ಎಲ್ಲವೂ ಒಮ್ಮೆಲೇ ನಿಂತಾಗ ಜಿಗಿಯುತ್ತದೆ. ಕಡಿಮೆ ವೋಲ್ಟೇಜಿಗೆ ಲ್ಯಾಪ್‌ಟಾಪ್ ಹೆದರುವುದಿಲ್ಲ. ಅದರ ಅಡಾಪ್ಟರು 100ರಿಂದ 240 ವೋಲ್ಟಿಗೆ ಮಾಡಿದ್ದು. ಹೆದರಬೇಕಾದದ್ದು ಹೆಚ್ಚಿನ ವೋಲ್ಟೇಜಿಗೆ, ಅದರಲ್ಲೂ ಕಂಬದ ಮೇಲೆ ನ್ಯೂಟ್ರಲ್ ಕಡಿದುಬಿದ್ದ ಗಳಿಗೆಗೆ. ಆಗ ಮನೆ-ಶಾಲೆಗಳ ಸಾಕೆಟ್ಟಿನಲ್ಲಿ 400 ವೋಲ್ಟಿನ ಹತ್ತಿರ ಬರಬಹುದು. ಸ್ಟೆಬಿಲೈಸರು ಇದನ್ನು ತಡೆಯುವುದಿಲ್ಲ, ಅದೂ ಸುಡುತ್ತದೆ. ಮೀಟರಿನ ಬಳಿಯ ಡಿಬಿಯಲ್ಲಿ (ಸ್ವಿಚ್ಚುಗಳ ವಿತರಣಾ ಪೆಟ್ಟಿಗೆ) 270 ವೋಲ್ಟಿಗೆ ತಾನೇ ಕಡಿದುಕೊಳ್ಳುವ ಓವರ್ ವೋಲ್ಟೇಜ್ ರಿಲೇ ಕೂಡಿಸುವುದೇ ಸರಿ. ಎರಡೂವರೆ ಸಾವಿರದ ವಸ್ತು ಅದು. ಮೂರು ಲಕ್ಷದ ಸಾಮಾನು ಕಾಯುತ್ತದೆ.

ಅರ್ಥಿಂಗ್ ಇದೆ ಎಂದು ಎಲ್ಲರೂ ಹೇಳಿದರು. ಸಾಕೆಟ್ಟಿನ ಮೂರನೇ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಹೊಸದಾಗಿ 40 ಮಿಲಿಮೀಟರ್ ಜಿಐ ಪೈಪು, ಎರಡೂವರೆ ಮೀಟರ್ ಆಳಕ್ಕೆ. ಇಲ್ಲಿ ಎರೆ ಮಣ್ಣಿನ ಸ್ವಭಾವ ಗೊತ್ತಿರಬೇಕು: ಮಳೆಗಾಲದಲ್ಲಿ ಉಬ್ಬಿ ಪೈಪನ್ನು ಅಪ್ಪಿಕೊಳ್ಳುತ್ತದೆ, ಬ್ಯಾಸಗಿಯಲ್ಲಿ ಬಿರಿದು ಪೈಪಿನ ಸುತ್ತ ಸಂದು ಬಿಡುತ್ತದೆ. ಆಗಸ್ಟಿನಲ್ಲಿ 4 ಓಮ್ ತೋರಿಸಿದ ಅರ್ಥಿಂಗ್ ಏಪ್ರಿಲ್‌ನಲ್ಲಿ ಸುಳ್ಳು ಹೇಳುವುದು ಇದೇ ಕಾರಣಕ್ಕೆ. ಉಪ್ಪು-ಇದ್ದಿಲಿನ ಬದಲು ಬೆಂಟೊನೈಟ್ ಪುಡಿ ತುಂಬಿದರೆ ತೇವ ನಿಲ್ಲುತ್ತದೆ. ಗುಂಡಿಯನ್ನು ಮಕ್ಕಳು ಕೈ ತೊಳೆಯುವ ನೀರು ಹರಿಯುವ ಕಡೆ ತೋಡಿದರೆ ನೀರು ಹಾಕುವ ನೆನಪೂ ಬೇಕಿಲ್ಲ. ಅರ್ಥ್ ಟೆಸ್ಟರಿನಲ್ಲಿ 5 ಓಮಿಗಿಂತ ಕಡಿಮೆ ಬಂದ ಮೇಲೆಯೇ ಎಲೆಕ್ಟ್ರಿಷಿಯನ್‌ಗೆ ಬಾಕಿ ಹಣ.

ಸಾಕೆಟ್ಟುಗಳಿಗೆ 2.5 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರ್ ಎಂಸಿಬಿ (ಭಾರ ಹೆಚ್ಚಾದರೆ ಬೀಳುವ ಸ್ವಿಚ್ಚು), ಅದರ ಮೇಲೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಕಡಿದುಕೊಳ್ಳುವ ಸ್ವಿಚ್ಚು). ಒದ್ದೆ ಕೈಯ ಮಕ್ಕಳಿರುವ ಕಡೆ ಈ ಕೊನೆಯದನ್ನು ಬಿಡುವಂತಿಲ್ಲ. ಕೆಲಸ ಮುಗಿದು ಮೂರನೇ ದಿನಕ್ಕೆ ಆರ್‌ಸಿಸಿಬಿ ಪದೇಪದೇ ಬೀಳತೊಡಗಿತು. ‘ಪೀಸ್ ಖರಾಬ್ ಅದ’ ಎಂದು ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿಬಿಟ್ಟಿದ್ದರು. ಪೀಸ್ ಚೆನ್ನಾಗಿಯೇ ಇತ್ತು. ಇನ್ವರ್ಟರಿನಿಂದ ಫೇಸ್ ತಂತಿ ಮಾತ್ರ ಹೊಸದಾಗಿ ಎಳೆದು, ನ್ಯೂಟ್ರಲ್‌ಗೆ ಹಳೆಯ ಲೈಟಿನ ಸರ್ಕೀಟನ್ನೇ ಹಿಡಿದಿದ್ದರು. ಹೋದ ಕರೆಂಟು ಅದೇ ದಾರಿಯಲ್ಲಿ ವಾಪಸು ಬರದಿದ್ದರೆ ಆರ್‌ಸಿಸಿಬಿ ಅದನ್ನು ಸೋರಿಕೆ ಎಂದೇ ಎಣಿಸುತ್ತದೆ. ಇನ್ವರ್ಟರ್ ಸರ್ಕೀಟಿಗೆ ತನ್ನದೇ ನ್ಯೂಟ್ರಲ್ ಕೊಟ್ಟ ಮೇಲೆ ಬೀಳುವುದು ನಿಂತಿತು. ಕೊಟೇಶನ್ನಿನಲ್ಲೇ ‘ಇನ್ವರ್ಟರ್ ಲೈನಿಗೆ ಪ್ರತ್ಯೇಕ ಫೇಸ್ ಮತ್ತು ನ್ಯೂಟ್ರಲ್’ ಎಂದು ಬರೆಸಿದ್ದರೆ ಈ ತಕರಾರೇ ಇರುತ್ತಿರಲಿಲ್ಲ.

ಎಸ್‌ಡಿಎಂಸಿ ಸಭೆಯಲ್ಲಿ ಅಧ್ಯಕ್ಷರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ‘ಸರ, ದುಡ್ಡೆಲ್ಲ ಗ್ವಾಡಿಗೇ ಹಾಕಿದ್ರ ಮಕ್ಕಳಿಗಿ ಏನ್ ಉಳೀತದ್ರಿ?’ ಗೋಡೆ, ಬ್ಯಾಟರಿ, ಬೀಗ ಕೂಡಿ ಕೊನೆಗೆ ಆದದ್ದು ಐದರಲ್ಲಿ ಒಂದು ಪಾಲು. ಅದಕ್ಕಿಂತ ಕಡಿಮೆಯಲ್ಲಿ ಮುಗಿಸಿದ ಶಾಲೆಗಳಲ್ಲಿ ಸಾಮಾನಿಗೆ ಬಟ್ಟೆ ಹೊದಿಸಿಟ್ಟಿರುತ್ತಾರೆ.

ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ

ಇದನ್ನು ತೀರ್ಮಾನಿಸಿದ್ದು ಬ್ಯಾಟರಿಯ ಲೆಕ್ಕ. 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ ಇರುತ್ತದೆ. ಬಾಳಿಕೆ ಬರಬೇಕಾದರೆ ಶೇ. 60ರಷ್ಟೇ ಬಳಸಬೇಕು, ಅಂದರೆ 1,080. ಇನ್ವರ್ಟರಿನಲ್ಲಿ ಶೇ. 15 ಸೋರಿಹೋದರೆ ಕೈಗೆ ಸಿಗುವುದು ಸುಮಾರು 920. ಹತ್ತು ಡೆಸ್ಕ್‌ಟಾಪಿಗೆ ಇದು ಒಂದು ಗಂಟೆಯೂ ಸಾಲದು. ಅಷ್ಟು ಭಾರ ಒಮ್ಮೆಲೇ ಬಿದ್ದಾಗ ಬ್ಯಾಟರಿ ಹೇಳಿದ್ದಕ್ಕಿಂತ ಕಡಿಮೆಯನ್ನೇ ಕೊಡುತ್ತದೆ, 1 ಕೆವಿಎ ಇನ್ವರ್ಟರು ಅದನ್ನು ಎತ್ತುವುದೂ ಇಲ್ಲ. ಲ್ಯಾಪ್‌ಟಾಪುಗಳು ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಬರುತ್ತವೆ. ಕರೆಂಟು ಇದ್ದಾಗ ಚಾರ್ಜ್ ಮಾಡಿಟ್ಟರೆ, ಹೋದಾಗ ಇನ್ವರ್ಟರ್ ಹೊರಬೇಕಾದ್ದು ಟಿವಿ (120), ಅದಕ್ಕೆ ಜೋಡಿಸಿದ ಒಂದು ಲ್ಯಾಪ್‌ಟಾಪ್ (40), ಎರಡು ಫ್ಯಾನು (150) ಮಾತ್ರ. 310 ವ್ಯಾಟಿಗೆ ಹತ್ತಿರಹತ್ತಿರ ಮೂರು ಗಂಟೆ. ಮಧ್ಯಾಹ್ನದ ಅವಧಿಗಳು ದಾಟುತ್ತವೆ.

ಎಷ್ಟು ಬೇಕು? 6ನೇ ತರಗತಿಯಲ್ಲಿ 34, 7ರಲ್ಲಿ 29 ಮಕ್ಕಳು. ಒಂದು ಯಂತ್ರಕ್ಕೆ ನಾಲ್ಕು ಮಕ್ಕಳು ಕೂತರೆ ಕೀಲಿಮಣೆ ಒಬ್ಬರ ಕೈಯಲ್ಲೇ ಉಳಿಯುತ್ತದೆ, ಉಳಿದ ಮೂವರು ನೋಡುವವರು. ತರಗತಿಯನ್ನು ಅರ್ಧ ಮಾಡಿ, ಅರ್ಧ ಮಕ್ಕಳಿಗೆ ಅದೇ ಕೋಣೆಯಲ್ಲಿ ಕಾಗದದ ಕೆಲಸ ಕೊಟ್ಟರೆ 17 ಮಕ್ಕಳಿಗೆ ಏಳು ಯಂತ್ರ ಸಾಕು; ಇಬ್ಬರು ಅಥವಾ ಮೂವರಿಗೆ ಒಂದು. ಎಂಟನೆಯದು ಟಿವಿಗೆ. ಒಂದು ಕೆಟ್ಟರೆ ಅದೇ ಬದಲಿ. ಹಾಗಾಗಿ ಎಂಟು.

ಇದರ ನಡುವೆ ಬೆಂಗಳೂರಿನ ಒಂದು ಆಫೀಸಿನಿಂದ 12 ಹಳೆಯ ಡೆಸ್ಕ್‌ಟಾಪ್ ಪುಕ್ಕಟೆ ಕೊಡುತ್ತೇವೆ ಎಂಬ ಮಾತು ಬಂತು. ಎಲ್ಲವೂ ಇಂಟೆಲ್ 4ನೇ ತಲೆಮಾರಿನವು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಮೇಲಿನದು ಬೇಕು. ಲಿನಕ್ಸ್ ಹಾಕಿ ಓಡಿಸಬಹುದು, ಆದರೆ ಲೋಡಿನ ಕಥೆ ಮತ್ತೆ ಅಲ್ಲಿಗೇ ಬರುತ್ತದೆ. ಜೊತೆಗೆ ದಾಸ್ತಾನು ವಹಿಯಲ್ಲಿ ಒಮ್ಮೆ ಏರಿದ ವಸ್ತುವನ್ನು ಇಳಿಸುವುದು ಸುಲಭವಲ್ಲ. ಇ-ತ್ಯಾಜ್ಯವನ್ನು ಗುಜರಿಯವರಿಗೆ ತೂಗಿ ಕೊಡುವಂತೆಯೂ ಇಲ್ಲ. ಎರಡನ್ನು ಮಾತ್ರ ಪಡೆಯಲಾಯಿತು: ಒಂದು ಕಚೇರಿ ಕೆಲಸಕ್ಕೆ, ಇನ್ನೊಂದು ಮಕ್ಕಳು ಬಿಚ್ಚಿ ನೋಡುವುದಕ್ಕೆ. ಬಂದ ದಿನವೇ ಎರಡರಲ್ಲೂ ತಾರೀಖು ತಪ್ಪಾಗಿತ್ತು. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಬಿಲ್ಲೆ ಸತ್ತಿರುತ್ತದೆ. ಬದಲಿಸದಿದ್ದರೆ ತಾರೀಖು ತಪ್ಪಿ ವೆಬ್‌ಸೈಟುಗಳು ತೆರೆಯುವುದಿಲ್ಲ, ಜನ ಇಂಟರ್ನೆಟ್ಟನ್ನು ಬೈಯುತ್ತಾರೆ.

ಟ್ಯಾಬ್ಲೆಟ್ ವಿಚಾರ ಬೇಗ ಮುಗಿಯಿತು. ನಲಿ-ಕಲಿಯ ಪುಟ್ಟ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಇಲ್ಲಿನ ಗುರಿ 6-7ರ ಮಕ್ಕಳು ಕನ್ನಡ ಟೈಪಿಂಗ್ ಕಲಿಯುವುದು.

ಪರದೆ

ಪ್ರೊಜೆಕ್ಟರಿಗೆ ಕತ್ತಲೆ ಬೇಕು. ಕತ್ತಲೆಗೆ ಕಿಟಕಿ ಮುಚ್ಚಬೇಕು, 40 ಡಿಗ್ರಿ ದಾಟುವ ಮಾರ್ಚ್ ಕೊನೆಯಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಕ್ಕಳನ್ನು ಕೂರಿಸುವ ಮಾತೇ ಇಲ್ಲ. ಟಚ್ ಪ್ಯಾನಲ್ಲಿನ ಗಾಜು ಒಡೆದರೆ ಇಡೀ ಪ್ಯಾನಲ್ ಹೋದಂತೆ, ರಿಪೇರಿಯವರು ಬರುವುದು ಕಲಬುರಗಿಯಿಂದಲೋ ಹೈದರಾಬಾದಿನಿಂದಲೋ. ಉಳಿದದ್ದು ಸಾದಾ ಟಿವಿ.

ಅಳತೆಗೆ ಒಂದು ಸೂತ್ರವಿದೆ: ಅಕ್ಷರ ಓದಬೇಕಾದರೆ ಕೊನೆಯ ಮಗು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಕೂರಬಾರದು. 55 ಇಂಚಿನ ಟಿವಿಯ ಎತ್ತರ ಸುಮಾರು 68 ಸೆಂಟಿಮೀಟರ್, ಆರು ಪಟ್ಟೆಂದರೆ 4.1 ಮೀಟರ್. 65 ಇಂಚಾದರೆ 4.9 ಮೀಟರ್. ಕೋಣೆ 7.3 ಮೀಟರ್ ಉದ್ದ, 6 ಮೀಟರ್ ಅಗಲ. ಉದ್ದದ ತುದಿಗೆ ಟಿವಿ ಹಾಕಿದರೆ ಯಾವ ಅಳತೆಯೂ ಸಾಲದು. ಉದ್ದನೆಯ ಗೋಡೆಯ ನಡುವೆ ಹಾಕಿ ಮಕ್ಕಳನ್ನು ಅಗಲಕ್ಕೆ, 4.1 ಮೀಟರಿನೊಳಗೇ ಕೂರಿಸಿದರೆ 55 ಇಂಚೇ ನಡೆಯುತ್ತದೆ. ದೊಡ್ಡ ಟಿವಿಯ ದುಡ್ಡು ಉಳಿಸಿದ್ದು ಮಕ್ಕಳು ಕೂರುವ ದಿಕ್ಕು. 32 ಇಂಚಿಗಿಂತ ದೊಡ್ಡ ಟಿವಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದ್ದರಿಂದ ಆಗಸ್ಟಿನಲ್ಲಿ ತಂದ ಕೊಟೇಶನ್ನುಗಳನ್ನು ಬಿಟ್ಟು ಹೊಸದಾಗಿ ಕೇಳಬೇಕಾಯಿತು.

ಚಕ್ರದ ಸ್ಟ್ಯಾಂಡ್ ಕೊಂಡು ಎಲ್ಲ ಕೋಣೆಗೂ ತಿರುಗಿಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಶಹಾಬಾದ್ ಪರ್ಸಿಯ ನೆಲದ ಏರುಪೇರು, ಪ್ರತಿ ಬಾಗಿಲಿನ ಕಲ್ಲಿನ ಹೊಸ್ತಿಲು ಅದಕ್ಕೆ ಬಿಡುವುದಿಲ್ಲ. ಗೋಡೆಗೇ ಹಾಕಬೇಕು. ಮಣ್ಣಿನ ಗಾರೆಯ ಹಳೆಯ ಕಲ್ಲುಗೋಡೆಯಲ್ಲಿ ಫಾಸ್ಟನರ್ ಹಿಡಿಯುವುದಿಲ್ಲ, ಬಿಗಿದಷ್ಟೂ ಸಂದಿನಲ್ಲಿ ತಿರುಗುತ್ತದೆ. ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಆರ್‌ಪಾರ್ ಬೋಲ್ಟ್ ಹಾಕಿಸಿದರೆ ನಿಲ್ಲುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯ ಕೆಲಸ.

ಪಾಠದ ವಿಡಿಯೊಗಳಿಗೆ ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ಸರ್ಕಾರದ ಡಿಜಿಟಲ್ ಪಾಠಗಳ ತಾಣವಾದ ದೀಕ್ಷಾಕ್ಕೆ ಹೋಗಬಹುದು, ಆದರೆ ತರಗತಿಯ ಹೊತ್ತಿಗೆ ನೆಟ್‌ವರ್ಕ್ ಸಿಕ್ಕೇ ಸಿಗುತ್ತದೆಂದು ನಂಬಿ ಕೂರಬಾರದು. ವಾರದ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ನಿಶ್ಚಿಂತೆ. ಪೆನ್‌ಡ್ರೈವ್‌ನಿಂದ ಟಿವಿಗೆ ಹಾಕುವವರು ಗಮನಿಸಬೇಕಾದ್ದು: ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿದರೆ ಕೆಲವು ಟಿವಿಗಳು ಓದುವುದಿಲ್ಲ. ಟಿವಿ ಕೊಳ್ಳುವಾಗ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋಗಿ ಅಂಗಡಿಯಲ್ಲೇ ಹಾಕಿ ನೋಡುವುದು ಒಳ್ಳೆಯದು.

ಕೊಟೇಶನ್ನು

ಮೂರು ಕೊಟೇಶನ್ ತರಿಸಿ ತುಲನಾ ಪಟ್ಟಿ ಮಾಡಿ ಠರಾವು ಬರೆಯುವುದು ಎಲ್ಲರಿಗೂ ಗೊತ್ತು. ಮೂರೂ ಒಬ್ಬನದೇ ಆಗಿರುವುದೂ ಗೊತ್ತಿರಬೇಕು: ಲೆಟರ್‌ಹೆಡ್ ಬೇರೆ, ಕಾಗುಣಿತದ ತಪ್ಪು ಒಂದೇ. ಸರ್ಕಾರಿ ಅನುದಾನವಾದರೆ 1999ರ ಕೆಟಿಪಿಪಿ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ) ಕಾಯ್ದೆಯ ಚಾಲ್ತಿಯಲ್ಲಿರುವ ಮಿತಿಯನ್ನು ಬಿಇಒ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಬೇಕು. ಒಂದು ಖರೀದಿಯನ್ನು ಎರಡು ಬಿಲ್ಲಾಗಿ ಸೀಳಿ ಮಿತಿಯೊಳಗೆ ತೋರಿಸಿದರೆ ಆಡಿಟ್ ಅದನ್ನೇ ಮೊದಲು ಹಿಡಿಯುತ್ತದೆ.

‘ಲ್ಯಾಪ್‌ಟಾಪ್, 8 ಜಿಬಿ’ ಎಂದಷ್ಟೇ ಬರೆದುಕೊಟ್ಟದ್ದರಿಂದ ಮೊದಲ ಸುತ್ತಿನಲ್ಲಿ 26,000ದಿಂದ 41,000ದವರೆಗೆ ದರ ಬಂತು. ಕಡಿಮೆ ದರದ್ದರಲ್ಲಿ ವೇಗದ ಎಸ್‌ಎಸ್‌ಡಿ ಬದಲು 64 ಜಿಬಿಯ ನಿಧಾನಗತಿಯ ಇಎಂಎಂಸಿ ಇತ್ತು, ಇನ್ನೊಂದರಲ್ಲಿ ವಿಂಡೋಸೇ ಇರಲಿಲ್ಲ, ‘ಡಾಸ್’ ಎಂದಿತ್ತು. ಲಿನಕ್ಸ್ ಹಾಕುವವರಿಗೆ ಡಾಸ್ ಲ್ಯಾಪ್‌ಟಾಪ್ ಲಾಭವೇ. ಅಂಗಡಿಯವನು ‘ವಿಂಡೋಸ್ ನಾನ್ ಹಾಕಿ ಕೊಡ್ತೀನ್ರಿ’ ಎಂದರೆ ಅದು ಕಳ್ಳಪ್ರತಿ. ಎರಡನೇ ಸುತ್ತಿಗೆ ಬರೆದದ್ದು: 256 ಜಿಬಿ ಎಸ್‌ಎಸ್‌ಡಿ ಅಥವಾ ಹೆಚ್ಚು, 8 ಜಿಬಿ ರ‍್ಯಾಮ್, ಒಂದಾದರೂ ಖಾಲಿ ರ‍್ಯಾಮ್ ಸ್ಲಾಟ್, ಪರವಾನಗಿಯ ಓಎಸ್, ಪೂರ್ಣ ಅಳತೆಯ ಎಚ್‌ಡಿಎಂಐ, ಶಾಲೆಗೇ ಬಂದು ರಿಪೇರಿ ಮಾಡುವ 3 ವರ್ಷದ ವಾರಂಟಿ, ಎಂಟಕ್ಕೂ ಒಂದೇ ಮಾದರಿ. ದರ 34,000ಕ್ಕೆ ನಿಂತಿತು. ಒಂದೇ ಮಾದರಿಯಾದರೆ ಸತ್ತ ಯಂತ್ರದ ಅಡಾಪ್ಟರು, ಕೀಲಿಮಣೆ ಇನ್ನೊಂದಕ್ಕೆ ಆಗುತ್ತವೆ. ವಾರಂಟಿ ಮೂರು ವರ್ಷವಾದರೂ ಒಳಗಿನ ಬ್ಯಾಟರಿಗೆ ಸಾಮಾನ್ಯವಾಗಿ ಒಂದೇ ವರ್ಷ. ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಸಾಮಾನು ಬಂದ ದಿನ ಸೀರಿಯಲ್ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ ನೋಡಿ. ಅಂಗಡಿಯಲ್ಲಿ ಕೂತ ತಿಂಗಳುಗಳನ್ನೂ ವಾರಂಟಿಯಲ್ಲಿ ಎಣಿಸಿದ್ದರೆ, ಹಣ ಪಾವತಿಯ ಮುಂಚೆಯೇ ಬಿಲ್ಲಿನ ತಾರೀಖಿಗೆ ತಿದ್ದಿಸಿಕೊಳ್ಳಬೇಕು.

ಕೊನೆಗೆ ಒಪ್ಪಿದ ಅಂದಾಜು:

ವೈರಿಂಗ್, ಅರ್ಥಿಂಗ್, ಡಿಬಿ, ಆರ್‌ಸಿಸಿಬಿ, ರಿಲೇ: 42,000
ಇನ್ವರ್ಟರ್, 150 ಎಎಚ್ ಬ್ಯಾಟರಿ: 24,000
ಕಿಟಕಿ ಗ್ರಿಲ್, ಕಬ್ಬಿಣದ ಕಪಾಟು: 32,000
55 ಇಂಚಿನ ಟಿವಿ, ಪಟ್ಟಿ-ಬೋಲ್ಟ್ ಸಮೇತ: 46,000
ಲ್ಯಾಪ್‌ಟಾಪ್ 8: 2,72,000
ಇಂಕ್‌ಟ್ಯಾಂಕ್ ಪ್ರಿಂಟರ್: 14,000
ಸ್ಪೀಕರ್, ಮೌಸ್, ಪೆನ್‌ಡ್ರೈವ್, ಎಕ್ಸ್‌ಟೆನ್ಶನ್ ಬೋರ್ಡು: 11,000
ಒಟ್ಟು: 4,41,000

ಉಳಿದ 59,000 ಮೂರು ವರ್ಷದ ಖರ್ಚಿಗೆ: ಡಿಸ್ಟಿಲ್ಡ್ ವಾಟರ್, ಇಂಕು, ಡೇಟಾ, ಅಡಾಪ್ಟರು. ‘ಸಮಗ್ರ ಶಿಕ್ಷಾ ಅನುದಾನ ಇದೆಯಲ್ಲ’ ಎನ್ನಬಹುದು. 101ರಿಂದ 250 ಮಕ್ಕಳ ಶಾಲೆಗೆ ಅದು ವರ್ಷಕ್ಕೆ 50,000, ಕನಿಷ್ಠ ಶೇ. 10 ಸ್ವಚ್ಛತೆಗೇ ಹೋಗಬೇಕು, ಉಳಿದದ್ದರಲ್ಲಿ ಸುಣ್ಣಬಣ್ಣ, ಚಾಕ್‌ಪೀಸು, ನಲ್ಲಿ, ಬಾಗಿಲು ಎಲ್ಲ ಆಗಬೇಕು. ಅಲ್ಲಿಂದ ಲ್ಯಾಪ್‌ಟಾಪ್ ಬ್ಯಾಟರಿ ಬರುವುದಿಲ್ಲ. ಉಳಿಕೆಯನ್ನು ಬಳಕೆ ಪ್ರಮಾಣಪತ್ರದಲ್ಲಿ ‘ನಿರ್ವಹಣಾ ಮೀಸಲು’ ಎಂದು ತೋರಿಸಲು ಕಂಪನಿಯಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆದದ್ದು ಇಡೀ ಯೋಜನೆಯ ಜಾಣತನದ ಕೆಲಸ.

ಬಂದ ಮೇಲೆ

ವೈರಿಂಗ್ ದಸರಾ ರಜೆಯಲ್ಲಿ, ಸಾಮಾನು ನವೆಂಬರಿನಲ್ಲಿ. ಮಾರ್ಚ್‌ನಲ್ಲಿ ಬಂದ ಸಾಮಾನಿನ ವಾರಂಟಿಯ ಮೊದಲ ತಿಂಗಳುಗಳನ್ನು ಪರೀಕ್ಷೆ ಮತ್ತು ಬ್ಯಾಸಗಿ ರಜೆ ತಿಂದುಬಿಡುತ್ತವೆ. ನವೆಂಬರಿನಲ್ಲಿ ಬಂದದ್ದರ ದೋಷಗಳು ನಾಲ್ಕು ತಿಂಗಳ ಬಳಕೆಯಲ್ಲಿ ಹೊರಬೀಳುತ್ತವೆ.

ಕಪಾಟಿನ ಮೇಲೆ ಕೆಳಗೆ ತೂತು ಕೊರೆದು ಒಳಗಿನಿಂದ ಜಾಳಿಗೆ ಹಾಕಿದ್ದಾರೆ. ಗಾಳಿ ಆಡಬೇಕು, ಇಲಿ ಬರಬಾರದು. ಕಪಾಟನ್ನೂ ಬ್ಯಾಟರಿಯನ್ನೂ ಪತ್ರಾಸಿನ (ತಗಡಿನ ಚಾವಣಿಯ) ಕೋಣೆಯಲ್ಲಿಟ್ಟಿಲ್ಲ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಲೆಡ್-ಆಸಿಡ್ ಬ್ಯಾಟರಿಯ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಹಳೆಯ ಲೆಕ್ಕ, ಯಾದಗಿರಿಯ ಪತ್ರಾಸಿನ ಕೆಳಗೆ ಎರಡು ಸಲ ಅರ್ಧವಾಗಬಹುದು. ಪ್ರಿಂಟರ್ ಇಂಕ್‌ಟ್ಯಾಂಕಿನದಾದ್ದರಿಂದ ವಾರಕ್ಕೊಂದು ಬಣ್ಣದ ಪುಟ ತೆಗೆಯಬೇಕು, ಇಲ್ಲವಾದರೆ ಈ ಒಣಹವೆಗೆ ಹೆಡ್ ಕಟ್ಟಿಕೊಳ್ಳುತ್ತದೆ. ಕನ್ನಡ ಟೈಪಿಂಗಿಗೆ ಎಂಟರಲ್ಲೂ ನುಡಿಯ ಕೀಲಿಮಣೆ ವಿನ್ಯಾಸ, ಯೂನಿಕೋಡ್‌ನಲ್ಲಿ ಮಾತ್ರ. ಒಂದರಲ್ಲಿ ಹಳೆಯ ಫಾಂಟಿದ್ದರೂ ಮಕ್ಕಳು ಬರೆದದ್ದು ಪಕ್ಕದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ-ಚಿಹ್ನೆಗಳಾಗಿ ಕಾಣುತ್ತದೆ.

ಯಂತ್ರಗಳ ಹೊಣೆ ಕಾಯಂ ಶಿಕ್ಷಕರಿಬ್ಬರ ಮೇಲಿದೆ. ಅತಿಥಿ ಶಿಕ್ಷಕರು ಕಂಪ್ಯೂಟರ್ ಚೆನ್ನಾಗಿ ಬಲ್ಲವರಾದರೂ ವರ್ಷದ ಕೊನೆಗೆ ಹೋಗುತ್ತಾರೆ, ಪಾಸ್‌ವರ್ಡೂ ಅವರ ಜೊತೆಗೇ ಹೋಗುತ್ತದೆ. ಪಾಸ್‌ವರ್ಡುಗಳನ್ನು ಮುಚ್ಚಿದ ಲಕೋಟೆಯಲ್ಲಿ ಮುಖ್ಯಗುರುಗಳ ಬಳಿ ಇಡಲಾಗಿದೆ.

ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚುತ್ತದೆ. ಅಂದು ಮಾಡುವ ಕೆಲಸ ಇದು: ಲ್ಯಾಪ್‌ಟಾಪುಗಳನ್ನು ಪೂರ್ತಿ ತುಂಬಿಸದೆ, ಪೂರ್ತಿ ಇಳಿಸದೆ ಶೇ. 50-60ಕ್ಕೆ ನಿಲ್ಲಿಸಿ ಆರಿಸುವುದು. ಸ್ಲೀಪ್‌ನಲ್ಲಿ ಬಿಟ್ಟರೆ ಒಂದೂವರೆ ತಿಂಗಳಲ್ಲಿ ಸೊನ್ನೆಗಿಳಿದು ಮತ್ತೆ ಮೇಲೇಳದೆ ಇರಬಹುದು. ಟಿವಿಯ ಪ್ಲಗ್ಗು, ಕೇಬಲ್ಲು ಕಳಚುವುದು. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿ ಮೇನ್ಸ್ ಚಾಲೂ ಬಿಡುವುದು; ತುಂಬಿದ ಬ್ಯಾಟರಿಯನ್ನು ಕಳಚಿಟ್ಟರೆ ಆ ಶಖೆಗೆ ತಾನೇ ಇಳಿದು ಪ್ಲೇಟುಗಳ ಮೇಲೆ ಬಿಳಿ ಪದರ ಕಟ್ಟುತ್ತದೆ. ಮೇ ಮೊದಲ ವಾರ ಒಬ್ಬರು ಬಂದು ನೀರಿನ ಮಟ್ಟ ನೋಡಬೇಕು. ಯಾರು ಬರುವುದು ಎಂಬುದನ್ನು ಸಭೆಯ ನಡಾವಳಿಯಲ್ಲಿ ಹೆಸರು ಹಾಕಿ ಬರೆದಿದ್ದಾರೆ. ‘ಸಿಬ್ಬಂದಿ ನೋಡಿಕೊಳ್ಳುವುದು’ ಎಂದು ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ.

ಎರಡನೇ ಟಿವಿ 4-5ನೇ ತರಗತಿಗೆ ಬೇಕು ಎಂಬ ಬೇಡಿಕೆ ಈಗಲೇ ಇದೆ. ಬಳಕೆಯ ವಹಿಯಲ್ಲಿ ದಿನಾಂಕ, ಅವಧಿ, ವಿಷಯ, ಶಿಕ್ಷಕರ ಸಹಿ ಎಂಬ ನಾಲ್ಕು ಕಲಂ ಹಾಕಿದ್ದಾರೆ. ಜೂನ್ ಸಭೆಯಲ್ಲಿ ಅದನ್ನು ತೆರೆದು, ವಾರಕ್ಕೆ ಎಂಟು ಅವಧಿಗಿಂತ ಕಡಿಮೆ ಕಂಡರೆ ಟಿವಿ ಇಲ್ಲ, ಆ ದುಡ್ಡಿಗೆ ಎರಡನೇ ಬ್ಯಾಟರಿ ಎಂದು ಠರಾವಾಗಿದೆ.